ಇಮ್ಯಾನುಯೆಲ್ಲರ ಮೂಗು

ಕಲ್ಯಾಣಪುರದ ಇಮ್ಯಾನುಯೆಲ್ಲರಿಗೆ ಜ್ವರ ಬಂದು ಹೋಯಿತು. ಮೈಕೈ ನೋವು ಹೋಯಿತು, ಕೆಮ್ಮು ಹೋಯಿತು, ಅದರ ಜೊತೆಗೆ ವಾಸನೆಯೂ ಹೋಯಿತು. ಅದು ಮಾತ್ರ ತಿರುಗಿ ಬರಲಿಲ್ಲ. ಹೆಂಡತಿ ಗ್ಲ್ಯಾಡಿಸ್ ಒಗ್ಗರಣೆ ಹಾಕಿದರೆ ಸಾಸಿವೆ ಸಿಡಿಯುವ ಸದ್ದು ಕೇಳುತ್ತಿತ್ತು, ಅಷ್ಟೆ.

ಬೇರೆ ಯಾರಿಗಾದರೂ ಇದು ಸಣ್ಣ ಕೊರತೆಯಾಗುತ್ತಿತ್ತೇನೋ. ಇಮ್ಯಾನುಯೆಲ್ಲರ ಬದುಕೇ ಮೂಗಿನ ಮೇಲೆ ನಿಂತಿತ್ತು. ಪ್ರವಾಸಿ ಹಡಗುಗಳ ಬಾರಿನಲ್ಲಿ ಅರ್ಧ ಆಯುಷ್ಯ ಕಳೆದು ಊರಿಗೆ ಬಂದವರು, ಮಣಿಪಾಲದ ಹೋಟೆಲ್ ಮ್ಯಾನೇಜ್‌ಮೆಂಟ್ ಕಾಲೇಜೊಂದರಲ್ಲಿ ಮದ್ಯಗಳ ಪಾಠ ಮಾಡಿದವರು. ಉಡುಪಿ, ಮಣಿಪಾಲದಲ್ಲಿ ಯಾರ ಮನೆಗೆ ವಿದೇಶದಿಂದ ಒಳ್ಳೆಯ ಬಾಟಲಿ ಬಂದರೂ ಮೊದಲು ಅವರಿಗೆ ಫೋನು. ಅವರು ಗ್ಲಾಸನ್ನು ಮೂಗಿನ ಹತ್ತಿರ ತಂದು, ಕಣ್ಣು ಮುಚ್ಚಿ, ಎರಡು ಮಾತು ಹೇಳಿದ ಮೇಲೆಯೇ ಉಳಿದವರು ಕುಡಿಯುವುದು.

"ಜನರ ಹತ್ತಿರ ಹೇಳಿಬಿಡಿ," ಎಂದಿದ್ದರು ಗ್ಲ್ಯಾಡಿಸ್. ಒಲೆಯ ಮೇಲೆ ಹಾಲು ಸೀದು ಕರಿಯಾದರೂ ಗಂಡ ಪಕ್ಕದಲ್ಲೇ ಪೇಪರ್ ಓದುತ್ತ ಕುಳಿತಿದ್ದನ್ನು ಕಂಡ ದಿನ ಅದು. "ಕಾಯಿಲೆ ಬಂದು ಹೋದದ್ದು. ಅದರಲ್ಲಿ ನಾಚಿಕೆ ಎಂತ ಉಂಟು?"

"ಹೇಳಿದರೆ ಮತ್ತೆ ನನ್ನನ್ನು ಯಾರು ಕರೆಯುತ್ತಾರೆ?" ಎಂದರು ಇಮ್ಯಾನುಯೆಲ್.

ಅವರು ಹೇಳಲಿಲ್ಲ. ಬಾಟಲಿಯ ಚೀಟಿ ನೋಡಿ, ಬಣ್ಣ ನೋಡಿ, ನಾಲಿಗೆಗೆ ಸಿಗುವ ಸಿಹಿ, ಕಹಿ, ಖಾರ ಹಿಡಿದು, ಉಳಿದದ್ದನ್ನು ನೆನಪಿನಿಂದ ಹೇಳುತ್ತಿದ್ದರು. ಯಾರಿಗೂ ಅನುಮಾನ ಬರಲಿಲ್ಲ. ಅಮೆರಿಕದ ಬರ್ಬನ್ ವಿಸ್ಕಿ, ಅದರಲ್ಲೂ ನೀರು ಬೆರೆಸದೆ ಪೀಪಾಯಿಯಿಂದ ನೇರ ಬಾಟಲಿಗೆ ಇಳಿಸಿದ್ದು ಸಿಕ್ಕಿದರೆ ಅವರಿಗೆ ಒಳಗೊಳಗೇ ಸಮಾಧಾನ. ಅದರ ಮದ್ಯಸಾರ ಮೂಗಿಗೆ ಚುರ್ ಎಂದು ತಾಗುತ್ತಿತ್ತು. ಅದು ವಾಸನೆಯಲ್ಲ, ಬರೀ ಉರಿ. ಆದರೂ ಏನೋ ಒಂದು ತಾಗಿತಲ್ಲ ಎಂದು ಅವರಿಗೆ ಖುಷಿ.

ಅಂಥದ್ದೇ ಎರಡು ಬಾಟಲಿಗಳನ್ನು ಮಣಿಪಾಲದ ದಂತವೈದ್ಯ ನೆವಿಲ್‌ಗೆ ಅವನ ಅಣ್ಣ ತಂದುಕೊಟ್ಟಿದ್ದ. ನೂರಕ್ಕೆ ಅರವತ್ತಾರು ಪಾಲು ಮದ್ಯಸಾರ. ಭಾನುವಾರ ಸಂಜೆ ನೆವಿಲ್‌ನ ಫ್ಲ್ಯಾಟಿನಲ್ಲಿ ಅವನ ಸ್ನೇಹಿತರೆಲ್ಲ ಸೇರಿದರು. ಡಾಕ್ಟರುಗಳು, ಪ್ರೊಫೆಸರುಗಳು, ಅವರ ಹೆಂಡತಿಯರು. ಇಮ್ಯಾನುಯೆಲ್ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಹೋದರು. ಅಲ್ಲಿ ಹರ್ಷಿಣಿಯನ್ನು ಕಂಡು ಅವರಿಗೆ ಆಶ್ಚರ್ಯವಾಯಿತು.

ಹರ್ಷಿಣಿ ಅವರ ಹಳೆಯ ವಿದ್ಯಾರ್ಥಿನಿ, ಕಾಪುವಿನ ಮೀನುಗಾರರ ಮನೆಯ ಹುಡುಗಿ. ಈಗ ಕಡಲ ತೀರದ ರೆಸಾರ್ಟೊಂದರ ಬಾರಿನ ಮೇಲ್ವಿಚಾರಕಿ. "ನಿಮ್ಮ ಶಿಷ್ಯೆ ಅಂತ ಗೊತ್ತಾಯಿತು ಅಂಕಲ್, ಅದಕ್ಕೇ ಕರೆದೆ," ಎಂದ ನೆವಿಲ್. ಹರ್ಷಿಣಿ ಎದ್ದು ನಿಂತು, "ನಮಸ್ಕಾರ ಸರ್" ಎಂದಳು. ಕೂತವರಲ್ಲಿ ಎದ್ದು ನಿಂತವಳು ಅವಳೊಬ್ಬಳೇ.

ಮೊದಲ ಬಾಟಲಿಯ ಕಾರ್ಕ್ ತೆಗೆದರು. ಇಮ್ಯಾನುಯೆಲ್ ಪಾಠ ಸುರು ಮಾಡಿದರು.

"ಮೂಗನ್ನು ಗ್ಲಾಸಿನೊಳಗೆ ತುರುಕಬೇಡಿ ಮಾರಾಯ್ರೆ, ಸುಟ್ಟುಹೋಗುತ್ತದೆ. ಗದ್ದದ ಹತ್ತಿರ ಹಿಡಿದು ಮೆಲ್ಲಗೆ ಮೇಲೆ ತನ್ನಿ. ಬಾಯಿ ಸ್ವಲ್ಪ ತೆರೆದಿರಲಿ. ಮೊದಲ ಗುಟುಕು ನಾಲಿಗೆಗೆ ಅಭ್ಯಾಸ ಆಗಲಿಕ್ಕೆ ಮಾತ್ರ, ರುಚಿ ನೋಡುವುದು ಎರಡನೆಯದರಲ್ಲಿ."

ತಾವೂ ಹಾಗೆಯೇ ಮಾಡಿ, ಕಣ್ಣು ಮುಚ್ಚಿ, ನಿಧಾನವಾಗಿ ಹೇಳಿದರು: "ವೆನಿಲ್ಲಾ. ಸುಟ್ಟ ಸಕ್ಕರೆ. ಹಿಂದಿನಿಂದ ಚೆರ್ರಿ ಹಣ್ಣು, ಸ್ವಲ್ಪ ದಾಲ್ಚಿನ್ನಿ. ಬಹಳ ಒಳ್ಳೆಯ ಪೀಪಾಯಿ."

ಎಲ್ಲರೂ ತಲೆಯಾಡಿಸಿದರು. "ಹೌದು, ವೆನಿಲ್ಲಾ ಉಂಟು ಉಂಟು," ಎಂದರು ಒಬ್ಬ ಪ್ರೊಫೆಸರು.

ಹರ್ಷಿಣಿ ತನ್ನ ಗ್ಲಾಸಿಗೆ ಕೆಲವು ಹನಿ ನೀರು ಹಾಕಿ, ಅಲುಗಿಸಿ, ಮತ್ತೆ ಮೂಸಿದಳು. ಕುಡಿಯಲಿಲ್ಲ. ಎದ್ದು ಇಮ್ಯಾನುಯೆಲ್ಲರ ಪಕ್ಕಕ್ಕೆ ಬಂದು, ಅವರಿಗೆ ಮಾತ್ರ ಕೇಳುವಂತೆ ಹೇಳಿದಳು.

"ಸರ್, ಈ ಬಾಟಲಿಯ ಕಾರ್ಕ್ ಕೆಟ್ಟಿರಬೇಕು. ಒದ್ದೆ ರಟ್ಟಿನ ವಾಸನೆ ಬರ್ತಾ ಉಂಟು. ನೀರು ಹಾಕಿದ ಮೇಲೆ ಜಾಸ್ತಿಯಾಯಿತು. ಇನ್ನೊಂದು ಬಾಟಲಿ ತೆಗೆಯಲಿಕ್ಕೆ ನೀವೇ ಹೇಳ್ತೀರಾ?"

ಇಮ್ಯಾನುಯೆಲ್ ಅವಳ ಗ್ಲಾಸನ್ನು ತೆಗೆದುಕೊಂಡು ಮೂಸಿದರು. ಉರಿ ತಾಗಿತು, ಅದರಾಚೆ ಏನೂ ಇಲ್ಲ. ಈಗಷ್ಟೇ ಒಳ್ಳೆಯ ಪೀಪಾಯಿ ಎಂದು ಹೇಳಿ ಆಗಿದೆ.

"ಎಂತ ಅಂಕಲ್, ಎಂತ ಹೇಳ್ತಿದ್ದಾರೆ ಅವರು?" ಎಂದು ನೆವಿಲ್ ಆಚೆಯಿಂದ ಕೇಳಿದ.

"ಏನಿಲ್ಲ, ಇದು ಓಕ್ ಮರದ ವಾಸನೆ," ಎಂದರು ಇಮ್ಯಾನುಯೆಲ್, ಎಲ್ಲರಿಗೂ ಕೇಳುವಂತೆ.

"ಓಕ್ ಅಲ್ಲ ಸರ್," ಎಂದಳು ಹರ್ಷಿಣಿ, ಇನ್ನೂ ಮೆಲ್ಲಗೆ. "ಇನ್ನೊಮ್ಮೆ ನೋಡಿ."

ಆಗ ಅವರ ಬಾಯಿಂದ ಆ ಮಾತು ಬಂತು. "ಮೀನಿನ ಬುಟ್ಟಿಯ ಪಕ್ಕದಲ್ಲಿ ಬೆಳೆದ ಮೂಗು ನೋಡಿ, ಅದಕ್ಕೆ ಎಲ್ಲವೂ ಕೊಳೆತದ್ದೇ!"

ಎಲ್ಲರೂ ನಕ್ಕರು. ಇಮ್ಯಾನುಯೆಲ್ ಕೂಡ ನಕ್ಕರು. ಹರ್ಷಿಣಿ ತನ್ನ ಗ್ಲಾಸನ್ನು ಅವರ ಕೈಯಿಂದ ತೆಗೆದುಕೊಂಡು ಹೋಗಿ ಮೇಜಿನ ಮೇಲಿಟ್ಟಳು. ಬ್ಯಾಗನ್ನು ಮಡಿಲಲ್ಲಿಟ್ಟುಕೊಂಡು ಸ್ವಲ್ಪ ಹೊತ್ತು ಕುಳಿತಳು. ಆಮೇಲೆ ಡ್ಯೂಟಿ ಉಂಟೆಂದು ನೆವಿಲ್‌ಗೆ ಹೇಳಿ ಹೊರಟಳು. ಹೋಗುವಾಗ, "ಬರ್ತೇನೆ ಸರ್" ಎಂದಳು. ಆ ಅಭ್ಯಾಸವನ್ನು ಆಗಲೂ ಅವಳು ಬಿಡಲಿಲ್ಲ.

ಅವಳು ಹೋದ ಮೇಲೆ ನೆವಿಲ್ ಎರಡನೆಯ ಬಾಟಲಿ ತೆಗೆದ. ಗ್ಲಾಸುಗಳು ಕೈಯಿಂದ ಕೈಗೆ ಹೋದವು. ಪ್ರೊಫೆಸರು ಹೊಸ ಗ್ಲಾಸನ್ನು ಮೂಸಿ, ಹಳೆಯದನ್ನು ಮೂಸಿ, ಹೆಂಡತಿಯ ಕಡೆ ನೋಡಿದರು. ಆಕೆ ಕಣ್ಣಿನಲ್ಲೇ ಸುಮ್ಮನಿರಿ ಎಂದರು. ಯಾರೋ ಹಳೆಯ ಗ್ಲಾಸುಗಳನ್ನು ಸದ್ದಿಲ್ಲದೆ ಅಡಿಗೆಮನೆಗೆ ಒಯ್ದು ಸಿಂಕಿಗೆ ಸುರಿದರು. ನೆವಿಲ್ ಕ್ರಿಕೆಟ್ಟಿನ ಮಾತು ತೆಗೆದ. ಈ ಸಲ ಅಂಕಲ್‌ರ ಅಭಿಪ್ರಾಯವನ್ನು ಯಾರೂ ಕೇಳಲಿಲ್ಲ.

ಎಲ್ಲರಿಗೂ ಗೊತ್ತಾಯಿತೆಂದು ಇಮ್ಯಾನುಯೆಲ್ಲರಿಗೆ ಗೊತ್ತಾಯಿತು. ಆ ಮರ್ಯಾದೆಯ ಮೌನದಲ್ಲಿ ಅವರು ಕುಳಿತಲ್ಲೇ ಬೆವತರು.

ಮನೆಗೆ ಬಂದು ಗ್ಲ್ಯಾಡಿಸರ ಹತ್ತಿರ ನಡೆದದ್ದನ್ನೆಲ್ಲ ಹೇಳಿದರು, ಆಡಿದ ಆ ಮಾತನ್ನು ಬಿಟ್ಟು. ಗ್ಲ್ಯಾಡಿಸ್ ಸಮಾಧಾನ ಮಾಡಲು ಬಂದಾಗ ತಡೆಯಲಾಗದೆ ಅದನ್ನೂ ಹೇಳಿದರು. ಅವರ ಕೈ ಗಂಡನ ಹೆಗಲ ಮೇಲಿಂದ ಕೆಳಗಿಳಿಯಿತು.

"ಹರ್ಷಿಣಿಗೆ? ನಮ್ಮ ಹರ್ಷಿಣಿಗೆ ಹಾಗೆ ಹೇಳಿದಿರಾ?"

ಅವಳು ಈ ಕೆಲಸಕ್ಕೆ ಬಂದದ್ದೇ ಇಮ್ಯಾನುಯೆಲ್ಲರ ಮಾತಿನಿಂದ. ಹುಡುಗಿ ಬಾರಿನಲ್ಲಿ ಕೆಲಸ ಮಾಡುವುದೆಂದರೆ ಅವಳ ತಂದೆ ಧರ್ಮಪಾಲ ಬಿಲ್‌ಕುಲ್ ಒಪ್ಪಿರಲಿಲ್ಲ. ಆಗ ಇಮ್ಯಾನುಯೆಲ್ಲರೇ ಕಾಪುವಿಗೆ ಹೋಗಿ ಅವರ ಜಗಲಿಯಲ್ಲಿ ಕೂತು ಹೇಳಿದ್ದರು: "ಇದು ಕುಡಿಯುವ ಕೆಲಸ ಅಲ್ಲ, ಮೂಗಿನ ಕೆಲಸ. ಬಲೆ ಎಳೆಯುವಾಗಲೇ ಮೀನಿನ ಗುಣ ಹೇಳುವವರು ನೀವು. ಆ ಮೂಗು ನಿಮ್ಮ ಮಗಳಿಗೆ ಬಂದಿದೆ. ನನ್ನ ಇಷ್ಟು ವರ್ಷದ ಕೆಲಸದಲ್ಲಿ ಅಂಥದ್ದನ್ನು ನೋಡಿಲ್ಲ." ಧರ್ಮಪಾಲ ಆ ಮಾತಿಗೆ ಒಪ್ಪಿದ್ದರು.

ಮರುದಿನ ಬೆಳಿಗ್ಗೆ ಇಮ್ಯಾನುಯೆಲ್ ಕಾಪುವಿಗೆ ಬಸ್ಸು ಹತ್ತಿದರು. ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಮನಸ್ಸಿನಲ್ಲೇ ಜೋಡಿಸಿದರು. ಅವಳ ಅಪ್ಪ ಅಮ್ಮನ ಎದುರೇ ಹೇಳುವುದು, ಕೈಮುಗಿಯುವುದು, ಬೈದರೆ ಬೈಸಿಕೊಳ್ಳುವುದು.

ಅಂಗಳಕ್ಕೆ ಕಾಲಿಡುತ್ತಲೇ ತಾಯಿ ಸುಂದರಿ ಒಳಗಿನಿಂದ ಓಡಿ ಬಂದರು. "ಪೊರ್ಬುಗಳು ಬಂದಿದ್ದಾರೆ!" ಎಂದು ಗಂಡನನ್ನು ಕೂಗಿದರು. ಆ ಕಡೆ ಕ್ರಿಶ್ಚಿಯನ್ನರನ್ನು ಮರ್ಯಾದೆಯಿಂದ ಕರೆಯುವುದೇ ಹಾಗೆ. "ಇವತ್ತು ಊಟ ಮಾಡದೆ ಬಿಡುವುದಿಲ್ಲ. ಒಳ್ಳೆಯ ಅಂಜಲ್ ಮೀನು ಉಂಟು." ಧರ್ಮಪಾಲ ತಾವು ಕುಳಿತಿದ್ದ ಕುರ್ಚಿಯನ್ನು ಒರೆಸಿ ಅವರಿಗೆ ಕೊಟ್ಟರು.

ಅವರಿಗೆ ಏನೂ ಗೊತ್ತಿರಲಿಲ್ಲ.

ಇಮ್ಯಾನುಯೆಲ್ ಬಾಯಿ ತೆರೆಯುವಷ್ಟರಲ್ಲಿ ಹರ್ಷಿಣಿ ಹೊರಗೆ ಬಂದಳು. "ಸರ್, ತೆಂಗಿನ ಗಿಡ ತೋರಿಸ್ತೇನೆ, ಬನ್ನಿ," ಎಂದು ಅವರನ್ನು ಹಿತ್ತಲಿಗೆ ಕರೆದುಕೊಂಡು ಹೋದಳು. ಅಲ್ಲಿ ಒಣಗಲು ಹಾಕಿದ ಬಲೆಯ ಹತ್ತಿರ ನಿಂತಳು.

"ಅಪ್ಪನ ಹತ್ತಿರ ಹೇಳಬೇಡಿ," ಎಂದಳು.

"ಹೇಳಲಿಕ್ಕೇ ಬಂದದ್ದು. ನಿನ್ನ ಕ್ಷಮೆ ಕೇಳಲಿಕ್ಕೆ. ಹರ್ಷಿಣಿ, ನನಗೆ ಈಗ ವಾಸನೆ..."

"ಬರುವುದಿಲ್ಲ. ಗೊತ್ತುಂಟು ಸರ್." ಅವಳು ಅವರ ಮುಖ ನೋಡಲಿಲ್ಲ. "ಹೋದ ವರ್ಷ ನಮ್ಮ ರೆಸಾರ್ಟಿಗೆ ಬಂದಾಗ ನೀವು ಕುಡಿದಿಟ್ಟ ಗ್ಲಾಸೆಂದು ಪಕ್ಕದ ಖಾಲಿ ಗ್ಲಾಸನ್ನು ಮೂಸಿ ಜಿನ್ ಚೆನ್ನಾಗಿದೆ ಅಂದಿರಿ. ಅದರಲ್ಲಿ ಜಿನ್ ಹಾಕಿಯೇ ಇರಲಿಲ್ಲ, ಬರೀ ಸೋಪಿನಲ್ಲಿ ತೊಳೆದಿಟ್ಟದ್ದು. ನಾನು ಯಾರಿಗೂ ಹೇಳಲಿಲ್ಲ. ನಿನ್ನೆ ಕೂಡ ಅದಕ್ಕೇ ಹತ್ತಿರ ಬಂದು ಮೆಲ್ಲಗೆ ಹೇಳಿದ್ದು. ನೀವೇ ಕಂಡುಹಿಡಿದ ಹಾಗೆ ಇರಲಿ ಅಂತ."

ಇಮ್ಯಾನುಯೆಲ್ ಪಕ್ಕದ ಕಲ್ಲಿನ ಮೇಲೆ ಕುಳಿತರು. ತನ್ನ ಮಾನ ಕಾಯುತ್ತಿದ್ದ ಕೈಗೇ ತಾನು ಹೊಡೆದದ್ದೆಂದು ಈಗ ತಿಳಿಯಿತು.

"ನನ್ನಿಂದ ದೊಡ್ಡ ತಪ್ಪಾಯಿತು," ಎಂದರು. ಬಸ್ಸಿನಲ್ಲಿ ಜೋಡಿಸಿದ್ದ ಮಾತುಗಳಲ್ಲಿ ಬೇರೆ ಯಾವುದೂ ಬಾಯಿಗೆ ಬರಲಿಲ್ಲ.

"ಕಾಲೇಜಿನಲ್ಲಿ ಹುಡುಗರು ಇದಕ್ಕಿಂತ ಕೆಟ್ಟದಾಗಿ ಹೇಳ್ತಿದ್ದರು ಸರ್. ಆಗ ನಾನು ನಿಮ್ಮ ಮಾತು ನೆನಪು ಮಾಡಿಕೊಳ್ತಿದ್ದೆ." ಅವಳು ಬಲೆಯ ಅಂಚನ್ನು ಎಳೆದು ಸರಿಪಡಿಸಿದಳು. "ಅಪ್ಪನಿಗೆ ಹೇಳಿದರೆ ನಿಮ್ಮ ಮನಸ್ಸು ಹಗುರ ಆದೀತು, ಅವರದ್ದು ಭಾರ ಆಗುತ್ತದೆ. ಹೇಳುವುದಿದ್ದರೆ ಅಲ್ಲಿ ಹೇಳಿ, ನಕ್ಕವರ ಎದುರು."

ಹಾಗಾಗಿ ಅವರು ಆ ಮನೆಯಲ್ಲಿ ಸುಮ್ಮನೆ ಊಟಕ್ಕೆ ಕೂರಬೇಕಾಯಿತು. ಸುಂದರಿ ಮೀನಿನ ನಡುವಿನ ತುಂಡುಗಳನ್ನೇ ಹುಡುಕಿ ಅವರ ತಟ್ಟೆಗೆ ಹಾಕಿದರು. "ಪರಿಮಳ ಹೇಗುಂಟು ಪೊರ್ಬುಗಳೇ? ಮಸಾಲೆ ಇವತ್ತೇ ಅರೆದದ್ದು," ಎಂದು ಕೇಳಿದರು. ಇಮ್ಯಾನುಯೆಲ್ ತಲೆ ಎತ್ತದೆ, "ಬಹಳ ಒಳ್ಳೆಯದುಂಟು" ಎಂದರು. ಹರ್ಷಿಣಿ ಅವರ ಲೋಟಕ್ಕೆ ನೀರು ತುಂಬಿಸಿದಳು.

ಮುಂದಿನ ಸಲ ನೆವಿಲ್‌ನ ಮನೆಯಲ್ಲಿ ಎಲ್ಲರೂ ಸೇರುತ್ತಾರೆಂದು ತಿಳಿದಾಗ ಇಮ್ಯಾನುಯೆಲ್ ಕರೆಯದೆಯೇ ಹೋದರು. ಕುಳಿತುಕೊಳ್ಳಲಿಲ್ಲ. ಬಾಗಿಲ ಹತ್ತಿರ ನಿಂತು ಹೇಳಿದರು.

"ನನಗೆ ವಾಸನೆ ಹೋಗಿ ತುಂಬ ಸಮಯವಾಯಿತು. ಈ ಮನೆಯಲ್ಲಿ ನಾನು ಹೇಳಿದ್ದೆಲ್ಲ ನೆನಪಿನಿಂದ, ಇಲ್ಲದಿದ್ದರೆ ಅಂದಾಜಿನಿಂದ. ಅದನ್ನು ಮುಚ್ಚಿಕೊಳ್ಳಲಿಕ್ಕೆ ಆ ದಿನ ಹರ್ಷಿಣಿಯ ಮನೆತನವನ್ನು ಹಿಡಿದು ಹೀಯಾಳಿಸಿದೆ. ಅವಳು ಹೇಳಿದ್ದು ಸರಿಯಿತ್ತು. ಅದು ನಿಮಗೂ ಗೊತ್ತಾಗಿತ್ತು."

ಪ್ರೊಫೆಸರು, "ಅಯ್ಯೋ, ಅದೆಲ್ಲ ತಮಾಷೆ ಅಲ್ವಾ? ಬಿಡಿ, ಕೂತುಕೊಳ್ಳಿ," ಎಂದು ನಗಲು ನೋಡಿದರು.

"ತಮಾಷೆ ಅಲ್ಲ," ಎಂದರು ಇಮ್ಯಾನುಯೆಲ್.

ಪ್ರೊಫೆಸರ ನಗೆ ಅರ್ಧಕ್ಕೆ ನಿಂತಿತು. ನೆವಿಲ್ ಲಿಫ್ಟಿನವರೆಗೆ ಜೊತೆಗೆ ಬಂದ. "ನಾವೂ ನಕ್ಕೆವು ಅಂಕಲ್," ಎಂದ, ಚಪ್ಪಲಿ ನೋಡುತ್ತ. ಆಮೇಲೆ ಅವನು ಹರ್ಷಿಣಿಗೆ ಫೋನು ಮಾಡಿ ಕ್ಷಮೆ ಕೇಳಿ, ಮುಂದಿನ ಸಲ ಬರಬೇಕೆಂದು ಕರೆದನಂತೆ. ಅವಳು ವಿನಯದಿಂದಲೇ ಮಾತಾಡಿದಳಂತೆ. ಆದರೆ ಹೋಗಲಿಲ್ಲ.

ಇಮ್ಯಾನುಯೆಲ್ಲರಿಗೆ ಬರುತ್ತಿದ್ದ ಫೋನುಗಳು ನಿಂತವು. ಅದು ಅವರು ಹೆದರಿದ್ದಷ್ಟು ಕಷ್ಟವಾಗಲಿಲ್ಲ. ಕಷ್ಟವಾದದ್ದು ಕ್ರಿಸ್ಮಸ್ಸಿಗೆ. ಪ್ರತಿ ವರ್ಷ ಮನೆಗೆ ಬಂದು ಗ್ಲ್ಯಾಡಿಸರ ಕೈಯ ಕುಸ್ವಾರ್, ಹಬ್ಬದ ಆ ತಿಂಡಿಗಳನ್ನು ತಿಂದು ಹೋಗುತ್ತಿದ್ದ ಹರ್ಷಿಣಿ ಡ್ಯೂಟಿ ಉಂಟೆಂದು ಮೆಸೇಜು ಮಾತ್ರ ಕಳುಹಿಸಿದಳು. ಗ್ಲ್ಯಾಡಿಸ್ ಅವಳ ಪಾಲನ್ನು ಡಬ್ಬಿಗೆ ಹಾಕಿ ತೆಗೆದಿಟ್ಟರು. ಯಾಕೆ ತೆಗೆದಿಟ್ಟದ್ದೆಂದು ಹೆಂಡತಿಯನ್ನು ಕೇಳುವ ಧೈರ್ಯ ಇಮ್ಯಾನುಯೆಲ್ಲರಿಗೆ ಆಗಲಿಲ್ಲ.

ಜನವರಿಯಲ್ಲಿ ಒಂದು ಬೆಳಿಗ್ಗೆ ಧರ್ಮಪಾಲ ಬಂದರು. ಚೀಲದಲ್ಲಿ ದೊಡ್ಡ ಮೀನೊಂದು, ಬಾಳೆಲೆಯಲ್ಲಿ ಸುತ್ತಿದ್ದು. ಜಗಲಿಯಲ್ಲಿ ಕುಳಿತು ಚಹಾ ಕುಡಿಯುತ್ತ ಹೇಳಿದರು: "ಮಗಳನ್ನು ಗೋವಾದ ಮದ್ಯದ ಸ್ಪರ್ಧೆಗೆ ಕರೆದಿದ್ದಾರೆ. ಒಳ್ಳೆಯದು ಯಾವುದು, ಕೆಟ್ಟದ್ದು ಯಾವುದು ಅಂತ ಮೂಸಿ ಹೇಳುವವರ ಸಾಲಿನಲ್ಲಿ ಕೂರಲಿಕ್ಕೆ. ನೀವು ಅವತ್ತು ಹೇಳಿದ್ದು ನಿಜವಾಯಿತು. ನಿಮ್ಮಿಂದ ಆದದ್ದು ಇದೆಲ್ಲ."

ಇಮ್ಯಾನುಯೆಲ್ಲರಿಗೆ ತಡೆಯಲಾಗಲಿಲ್ಲ. "ನನ್ನಿಂದ ಅಲ್ಲ ಧರ್ಮಪಾಲರೇ. ಒಂದು ಸಲ ಅವಳು ಸರಿ ಹೇಳಿದಾಗ ನಾನೇ ತಪ್ಪು ಹೇಳಿದೆ. ಅವಳ ಗುರು ಅನಿಸಿಕೊಳ್ಳುವ ಯೋಗ್ಯತೆ ನನಗಿಲ್ಲ."

ಧರ್ಮಪಾಲ ಮೆಚ್ಚುಗೆಯಿಂದ ನಕ್ಕರು. "ದೊಡ್ಡವರು ಹೀಗೆಯೇ ಮಾತಾಡುವುದು," ಎಂದು ಅವರ ಎರಡೂ ಕೈಗಳನ್ನು ಹಿಡಿದುಕೊಂಡರು.

ಹಗ್ಗ ಎಳೆದೆಳೆದು ಗಟ್ಟಿಯಾಗಿದ್ದ ಆ ಅಂಗೈಗಳ ನಡುವೆ ಇಮ್ಯಾನುಯೆಲ್ಲರ ಕೈಗಳು ಸಿಕ್ಕಿಕೊಂಡಿದ್ದವು. ಬಿಡಿಸಿಕೊಳ್ಳಲೂ ಆಗದೆ, ಮೀನಿನ ಬುಟ್ಟಿಯ ಆ ಮಾತನ್ನು ಹೇಳಲೂ ಆಗದೆ ಅವರು ಅಂಗಳದ ಕಡೆ ನೋಡುತ್ತ ಕುಳಿತರು.