ಉರಿಗೆ ಕಾಲಂ ಇಲ್ಲ

ಮಂಗಳವಾರ ಬೆಳಗ್ಗೆ ಲಗ್ಗೆರೆಯ ಆ ಒಂದೇ ಕೋಣೆಯ ಮನೆಯಲ್ಲಿ ಅಮರೇಶ ತನ್ನ ಬಲ ಮೊಣಕಾಲಿಗೆ ಸ್ಪ್ಯಾನರಿನಿಂದ ಹೊಡೆದುಕೊಳ್ಳುತ್ತಿದ್ದ. ಕಬ್ಬಿಣದ ದಪ್ಪ ಸ್ಪ್ಯಾನರು. ಅದಕ್ಕೆ ಟವೆಲು ಸುತ್ತಿತ್ತು. ಗಾಯವಿದ್ದವರನ್ನು ಸಂಶೋಧನೆಗೆ ಸೇರಿಸಿಕೊಳ್ಳುವುದಿಲ್ಲ ಎಂದು ಆಸ್ಪತ್ರೆಯವರು ಹೇಳಿದ ದಿನವೇ, ಜೊತೆಗಿದ್ದು ಅವನನ್ನು ನೋಡಿಕೊಳ್ಳುವ ಫಕೀರೇಶ ಸುತ್ತಿದ್ದು. ಬೇಡ ಅಂದರೆ ಕೇಳುವ ಆಸಾಮಿಯಲ್ಲ, ಹೊಡೆದುಕೊಳ್ಳಲಿ, ಚರ್ಮ ಒಡೆಯದಿದ್ದರೆ ಸಾಕು ಎಂದು.

ಹೊಡೆತ ಅಮರೇಶನಿಗೆ ತಿಳಿಯುತ್ತಲೇ ಇರಲಿಲ್ಲ. ಹೊಕ್ಕುಳಿನ ಕೆಳಗೆ ಚಿವುಟಿದರೂ ಅಷ್ಟೆ, ಸೂಜಿ ಚುಚ್ಚಿದರೂ ಅಷ್ಟೆ, ಯಾರದೋ ಕಾಲು. ಆದರೆ ಆ ಯಾರದೋ ಕಾಲು ಒಂದೂವರೆ ವರ್ಷದಿಂದ ಉರಿಯುತ್ತಿತ್ತು. ಕಬ್ಬಿಣಕ್ಕೆ ಪುಡಿಬಣ್ಣ ಹಾಕಿ ಕಾಯಿಸುವ ಪೌಡರ್ ಕೋಟಿಂಗ್ ಶೆಡ್ಡಿನಲ್ಲಿ ಓವನ್ನಿನ ಬಾಗಿಲು ತೆಗೆದಾಗ ಮುಖಕ್ಕೆ ಹೊಡೆಯುವ ಝಳ ಇದೆಯಲ್ಲ, ಅದನ್ನು ಎರಡು ಕಾಲೊಳಗೆ ತುಂಬಿ ಬಾಗಿಲು ಜಡಿದಂತೆ. ನರದ ಮಾತ್ರೆ ನುಂಗಿದರೆ ನಾಲಿಗೆ ದಪ್ಪವಾಗುತ್ತಿತ್ತು, ಕಣ್ಣು ಎಳೆಯುತ್ತಿತ್ತು. ಉರಿ ಮಾತ್ರ ಕೂತಲ್ಲಿಂದ ಏಳುತ್ತಿರಲಿಲ್ಲ.

"ಸಾಕು ಬಿಡಲೇ, ಆಟೋ ಬಂದೈತಿ" ಎಂದು ಫಕೀರೇಶ ಸ್ಪ್ಯಾನರು ಕಿತ್ತುಕೊಂಡ. "ಎತ್ತಿಗೆ ಜ್ವರ ಬಂದ್ರ ಎಮ್ಮಿಗೆ ಬರಿ ಎಳದಂಗ ಆತು ನಿಂದು."

"ಹಂಗಾರ ಎಮ್ಮಿ ನೀನಾಗು. ಬಾ, ನಿನಗ ಎಳೀತೀನಿ."

ಫಕೀರೇಶ ಅವನ ಬೆನ್ನಿಗೆ ಕೈ ಕೊಟ್ಟು, ತೊಡೆ ಕೆಳಗೆ ಕೈ ತೂರಿಸಿ, ಎತ್ತಿ ಗಾಲಿಕುರ್ಚಿಯಲ್ಲಿ ಕೂರಿಸಿದ.

ಈ ಬೆನ್ನು ಮುರಿದವನೇ ಅವನು. ಪೀಣ್ಯದ ಆ ಶೆಡ್ಡಿನಲ್ಲಿ ಇಬ್ಬರೂ ಜೊತೆಗೇ ಕೆಲಸಕ್ಕಿದ್ದರು. ಒಬ್ಬ ಸಿಂಧನೂರು ಕಡೆಯವನು, ಒಬ್ಬ ಶಿರಹಟ್ಟಿ ಕಡೆಯವನು. ಒಂದು ದಿನ ಇನ್ನೂರು ಗೇಟಿನ ಸರಳುಗಳಿಗೆ ತಪ್ಪು ಬಣ್ಣ ಬಿತ್ತು. ಬಣ್ಣ ತುಂಬಿದವನು ಫಕೀರೇಶ. ಮಾಲೀಕನ ಮುಂದೆ ಅವನು ಹೇಳಿದ್ದು ಅಮರೇಶನ ಹೆಸರು. ಸಾಮಾನಿಳಿಸುವ ಕಟ್ಟೆಯ ಮೇಲೆ ಅಮರೇಶ ಅವನ ಕೆನ್ನೆಗೆ ಬಾರಿಸಿದ, ಎರಡನೇ ಸಲ ಕೈ ಎತ್ತಿದ, ಫಕೀರೇಶ ಎರಡೂ ಕೈಯಿಂದ ದಬ್ಬಿದ. ಎಂಟಡಿ ಕೆಳಗೆ ಕಬ್ಬಿಣದ ರಾಶಿ.

ಪೊಲೀಸರು ಕೇಳಿದಾಗ ಅಮರೇಶ "ಕಾಲು ಜಾರಿ ಬಿದ್ದೆ" ಎಂದ. ಎಲ್ಲರೂ ಅದನ್ನು ದೊಡ್ಡ ಮನಸ್ಸು ಅಂದುಕೊಂಡರು. ದೊಡ್ಡ ಮನಸ್ಸೂ ಇಲ್ಲ, ಮಣ್ಣೂ ಇಲ್ಲ. ಈ ನನ್ಮಗ ಜೈಲಿಗೆ ಹೋದರೆ ಮುದ್ದೆ ತಿಂದುಕೊಂಡು ಆರಾಮ ಇರುತ್ತಾನೆ. ಇಲ್ಲೇ ಇರಲಿ, ಸಾಯುವವರೆಗೂ ನನ್ನ ಉಚ್ಚೆ ಚೀಲ ಹಿಡಿಯಲಿ. ಹಾಗೆ ಲೆಕ್ಕ ಹಾಕಿಯೇ ಹೇಳಿದ್ದು.

ಕೆಂಗೇರಿ ಆಚೆಯ ಆಸ್ಪತ್ರೆಯೊಂದರಲ್ಲಿ ಇಂಥ ಉರಿ ತಗ್ಗಿಸುವ ಹೊಸ ದಾರಿ ಹುಡುಕುತ್ತಿದ್ದಾರೆ ಎಂದು ಪತ್ತೆ ಮಾಡಿದವನೂ ಫಕೀರೇಶನೇ. ಬೆನ್ನಿಗೆ ಒಂದು ಬೆಲ್ಟು ಕಟ್ಟುತ್ತಾರೆ. ಅದರಿಂದ ಸಣ್ಣ ಕರೆಂಟು ಹಾಯಿಸುತ್ತಾರೆ. "ಏಟು ತಿಂದ ನರ ಮೆದುಳಿಗೆ ಸುಳ್ಳು ಸುದ್ದಿ ಕಳಿಸ್ತಾ ಇರುತ್ತೆ. ಆ ಸುದ್ದೀನ ಅಡಗಿಸೋಕಾಗುತ್ತಾ ಅಂತ ನೋಡ್ತಾ ಇದೀವಿ" ಎಂದಿದ್ದರು ಡಾಕ್ಟರ್ ಗಿರಿರಾಜ್. ನಲವತ್ತು ಜನ ಬೇಕು, ಮೂವತ್ತೊಂಬತ್ತು ಆಗಿದೆ. ಅರ್ಧ ಜನಕ್ಕೆ ನಿಜವಾದ ಕರೆಂಟು, ಅರ್ಧ ಜನಕ್ಕೆ ಬರೀ ಬೆಲ್ಟು. ಯಾರಿಗೆ ಯಾವುದು ಅಂತ ಯಾರಿಗೂ ಗೊತ್ತಾಗುವುದಿಲ್ಲ. ಅರ್ಧವೇ ಇರಲಿ, ಅಮರೇಶನಿಗೆ ಅಷ್ಟಾದರೂ ಆಸೆ ಹುಟ್ಟಿ ಎಷ್ಟು ಕಾಲವಾಗಿತ್ತು! ಆ ನಲವತ್ತನೇ ಜಾಗ ತನಗೆ ಬೇಕೇ ಬೇಕು ಎಂದು ಹಲ್ಲು ಕಚ್ಚಿ ಕಾದಿದ್ದ.

ಮೊದಲು ಏಳು ದಿನ ಫೋನಿನಲ್ಲಿ ಒಂದು ಪ್ರಶ್ನೆ. ದಿನಾ ಸಂಜೆ ಐದಕ್ಕೆ ಸ್ಮೃತಿ ಎಂಬ ಹುಡುಗಿ ಕರೆ ಮಾಡುತ್ತಿದ್ದಳು. ಸಂಶೋಧನೆಯ ಕಾಗದಪತ್ರ ನೋಡಿಕೊಳ್ಳುವವಳು. "ಕೇಳಿದ್ದಕ್ಕೆ ಮಾತ್ರ ಉತ್ತರ ಹೇಳಿ. ಜಾಸ್ತೀನೂ ಹೇಳ್ಬೇಡಿ, ಕಮ್ಮೀನೂ ಹೇಳ್ಬೇಡಿ. ಸುಳ್ಳು ಹೇಳಿದ್ರೆ ಎಲ್ಲರ ಕೆಲಸಾನೂ ಹಾಳು" ಎಂದು ಮೊದಲ ದಿನವೇ ಎಚ್ಚರಿಸಿದ್ದಳು.

"ಸೊನ್ನೆಯಿಂದ ಹತ್ತರವರೆಗೆ, ಕಳೆದ ಇಪ್ಪತ್ನಾಲ್ಕು ಗಂಟೆಯಲ್ಲಿ ನಿಮ್ಮ ನೋವು ಎಷ್ಟು?"

"ನೋವಿಲ್ರಿ. ಬರೇ ಉರಿ."

"ನೋವು ಎಷ್ಟು ಅಂತ ನಂಬರ್ ಹೇಳಿ."

"ನೋವು ಸೊನ್ನಿ ಬರ್ಕೋರಿ."

ಅವನೇನು ತಪ್ಪು ಹೇಳಿದ? ನೋವು ಅಂದರೆ ಹೊಡೆದರೆ ಆಗುವುದು, ಬಿದ್ದರೆ ಆಗುವುದು. ಕಾಲಿಗೆ ಸ್ಪ್ಯಾನರಿನಿಂದ ಹೊಡೆದು ನೋಡಿಕೊಂಡಿದ್ದ, ನೋವಿರಲಿಲ್ಲ. ಉರಿ ಬೇರೆ. ಅದನ್ನು ಮುಂದೆ ಕೇಳುತ್ತಾರೆ ಎಂದು ಕಾದ. ಫೋನು ಕಟ್ಟಾಯಿತು. ಮೂರನೇ ದಿನ ಪಕ್ಕದಲ್ಲಿ ಚೀಲ ಬದಲಿಸುತ್ತಿದ್ದ ಫಕೀರೇಶನಿಗೆ ತಡೆಯಲಾಗಲಿಲ್ಲ. "ಹತ್ತು ಅಂತ ಹೇಳಲೇ! ಸೊನ್ನಿ ಅಂದ್ರ ಏನು ತಿಳ್ಕೋತಾರ ಅವರು?"

"ಸುಳ್ಳು ಹೇಳೂದು ನಿನ್ನ ಕಸುಬು. ನನ್ನದಲ್ಲ."

ಫಕೀರೇಶ ಮತ್ತೆ ಆ ಫೋನಿನ ಗೊಡವೆಗೆ ಹೋಗಲಿಲ್ಲ. ಏಳು ದಿನಕ್ಕೆ ಏಳು ಸೊನ್ನೆ ಆಯಿತು.

ಈಗ ಎಂಟನೇ ದಿನ. ರಿಂಗ್ ರೋಡಿನ ಒಂದೊಂದು ಗುಂಡಿಯನ್ನೂ ಉರಿಯಿಂದ ಎಣಿಸುತ್ತ ಆಸ್ಪತ್ರೆ ಮುಟ್ಟಿದರು. ಎರಡನೇ ಮಹಡಿ. ಮೇಜು, ಕಡತಗಳು, ಕಿಟಕಿ ಕಟ್ಟೆಯ ಮೇಲೆ ಟೀಗೆ ನೀರು ಕುದಿಯುತ್ತಿದ್ದ ಕರೆಂಟಿನ ಕೆಟಲು.

"ಬನ್ನಿ, ಕೂತ್ಕೊಳ್ಳಿ" ಎಂದು ಸ್ಮೃತಿ ನಾಲಿಗೆ ಕಚ್ಚಿಕೊಂಡಳು.

"ಕುಂತೇ ಅದೀನಲ್ರೀ, ಒಂದೂವರಿ ವರ್ಷದಿಂದ" ಎಂದು ಅಮರೇಶ ನಕ್ಕ. ಅವತ್ತು ಅವನು ನಕ್ಕದ್ದು ಅದೊಂದೇ ಸಲ.

ಸ್ಮೃತಿ ಕಡತ ತೆಗೆದಳು. "ಅಮರೇಶ್, ಬೇಜಾರ್ ಮಾಡ್ಕೋಬೇಡಿ. ನಿಮ್ಮನ್ನ ಸೇರಿಸ್ಕೊಳ್ಳೋಕೆ ಆಗ್ತಾ ಇಲ್ಲ. ಏಳು ದಿನದ ಸರಾಸರಿ ನಾಲ್ಕಕ್ಕಿಂತ ಜಾಸ್ತಿ ಇರ್ಬೇಕು. ನಿಮ್ಮದು ಸೊನ್ನೆ."

"ಏನು ಸೊನ್ನಿ?"

"ನೋವು. ನೀವೇ ಹೇಳಿದ್ದಲ್ವಾ? ನೋವೇ ಇಲ್ಲದವ್ರಿಗೆ ಬೆಲ್ಟ್ ಕಟ್ಟಿ ಏನ್ ನೋಡೋದು?"

"ಉರಿ ಅದ ಅಂತ ಹೇಳಿದ್ನಲ್ರೀ! ಏಳು ದಿನಾನೂ ಹೇಳಿದ್ನಿ!"

"ಹೇಳಿದ್ರಿ. ಆದ್ರೆ ಉರಿಗೆ ಇದರಲ್ಲಿ ಕಾಲಂ ಇಲ್ಲ. ಆಸ್ಪತ್ರೆ ಕಮಿಟಿ ಒಪ್ಪಿದ ಪ್ರಶ್ನೆ ಇದು. ನಾನು ಒಂದಕ್ಷರ ಬದಲಾಯಿಸೋ ಹಾಗಿಲ್ಲ."

ಅಮರೇಶನ ಕಿವಿಯಲ್ಲಿ ಗುಂಯ್ ಎಂದಿತು. ಕಾಲೊಳಗಿನ ಓವನ್ನು ಬಾಗಿಲು ಒಡೆದುಕೊಂಡು ಎದೆಗೆ ನುಗ್ಗಿತು. ಕಡತ ಕಸಿದು ಹರಿದ, ಹರಿದದ್ದನ್ನು ಅವಳ ಮುಖಕ್ಕೆ ಎಸೆದ. ಮೇಜಿನ ಮೇಲಿದ್ದ ಸ್ಟೇಪ್ಲರು ಗೋಡೆಯ ಗಡಿಯಾರಕ್ಕೆ ಬಡಿದು ಗಾಜು ಉದುರಿತು. ಬಾಗಿಲಲ್ಲಿದ್ದ ಸೆಕ್ಯುರಿಟಿ ಭೈರೇಶ್ ಓಡಿ ಬಂದ.

"ಏಯ್, ಏನ್ ಗುರು ಇದು, ಲೇಡೀಸ್ ಮುಂದೆ..."

ಅಮರೇಶ ಗಾಲಿಕುರ್ಚಿಯನ್ನು ತಿರುವಿ ಅವನ ಮೊಣಕಾಲಿನ ಚಿಪ್ಪಿಗೇ ಗುದ್ದಿಸಿದ. ಭೈರೇಶ್ ಅವ್ವಾ ಎಂದು ಕುಕ್ಕರಿಸಿದ. ಫಕೀರೇಶ ಹಿಂದಿನಿಂದ ಬಂದು ಎರಡು ತೋಳನ್ನೂ ಬಿಗಿಯಾಗಿ ಹಿಡಿದ.

"ಬಿಡಲೇ!"

"ಬಿಡೂದಿಲ್ಲ. ಪೊಲೀಸರ ಮುಂದ ನನ್ನ ಸಲುವಾಗಿ ಸುಳ್ಳು ಹೇಳಿದಿ. ನಿನ್ನ ಸಲುವಾಗಿ ಒಂದು ಸುಳ್ಳು ಹೇಳಾಕ ಏನು ಧಾಡಿ ಆಗಿತ್ತು ನಿನಗ?"

"ನಿನ್ನ ಸಲುವಾಗಿ ಅಲ್ಲಲೇ ಹೇಳಿದ್ದು! ನಿನ್ನ ಬಿಡಬಾರದಂತ ಹೇಳಿದ್ದು!"

ಅಷ್ಟು ಹೇಳಿ ಅಮರೇಶ ಅವನ ಮಣಿಕಟ್ಟಿಗೆ ಬಾಯಿ ಹಾಕಿದ. ಹಲ್ಲು ಒಳಗೆ ಇಳಿದದ್ದು ಅವನಿಗೇ ತಿಳಿಯಿತು, ಬಾಯಿ ಉಪ್ಪಾಯಿತು. ಫಕೀರೇಶ ಕೈ ಕೊಡವಿದ. ಆ ಒಂದು ಕ್ಷಣ ಸಾಕಾಯಿತು. ಅಮರೇಶ ಕಿಟಕಿಯತ್ತ ವಾಲಿ, ಕೆಟಲನ್ನು ಎತ್ತಿ, ಕುದಿಯುತ್ತಿದ್ದ ನೀರನ್ನು ತನ್ನ ಎರಡೂ ತೊಡೆಯ ಮೇಲೆ ಸುರಿದುಕೊಂಡ.

ಸ್ಮೃತಿ ಚೀರಿದಳು. ಲುಂಗಿಯಿಂದ ಹಬೆ ಎದ್ದಿತು. ನರದ ಸೆಳೆತಕ್ಕೆ ಅವನ ಕಾಲು ತನ್ನಷ್ಟಕ್ಕೆ ತಾನೇ ಎಗರಿ ಮೇಜಿಗೆ ಒದೆಯಿತು, ಇನ್ನೊಂದು ಸಲ ಒದೆಯಿತು. ಅವನ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ.

"ಈಗ ಕೇಳ್ರಿ ನಿಮ್ಮ ಪ್ರಶ್ನಿ."

"ಅಯ್ಯೋ ಯಾರಾದ್ರೂ ಬನ್ನಿ, ಡಾಕ್ಟ್ರೇ..."

"ಕೇಳ್ರೀ!"

ಅವಳು ಗೋಡೆಗೆ ಒತ್ತಿ ನಿಂತಳು. "ನಿಮ್ಮ... ನಿಮ್ಮ ನೋವು ಎಷ್ಟು?"

"ಸೊನ್ನಿ. ಉರಿ ಎಷ್ಟು ಅಂತ ಕೇಳ್ರಿ."

"ಉರಿ ಎಷ್ಟು?"

"ಹತ್ತು. ಈ ನೀರು ಸುರಿಯೂಕಿಂತ ಮದಲೂ ಹತ್ತು. ನಿಮ್ಮ ಏಳು ದಿನಾನೂ ಹತ್ತು ಮುಟ್ಟ್ಯದ."

ಸ್ಮೃತಿ ಹರಿದ ಹಾಳೆಗಳನ್ನು ನೋಡಿದಳು, ಅವನ ತೊಡೆ ನೋಡಿದಳು. ಅಷ್ಟರಲ್ಲಿ ಫಕೀರೇಶ ನೀರಿನ ಕ್ಯಾನು ಎಳೆದು ತಂದು ತಣ್ಣೀರು ಸುರಿಯತೊಡಗಿದ್ದ. ಅವನ ಮಣಿಕಟ್ಟಿನ ರಕ್ತ ಆ ನೀರಿನ ಜೊತೆ ಅಮರೇಶನ ಕಾಲ ಮೇಲೆ ಇಳಿಯುತ್ತಿತ್ತು.

ಡ್ರೆಸ್ಸಿಂಗ್ ಕೋಣೆಗೆ ಡಾಕ್ಟರ್ ಗಿರಿರಾಜ್ ಬಂದಾಗ ತೊಡೆಯ ಮೇಲೆ ಬೊಬ್ಬೆಗಳು ಎದ್ದು ಒಡೆದಿದ್ದವು. ಅವರು ಸ್ಮೃತಿಯ ಮಾತು ಪೂರ್ತಿ ಕೇಳಿಸಿಕೊಂಡರು. ತಪ್ಪು ನಮ್ಮದೇ ಎಂದು ನೇರವಾಗಿ ಒಪ್ಪಿದರು. "ಪ್ರಶ್ನೆಯಲ್ಲಿ ಉರಿ ಅನ್ನೋ ಪದ ಸೇರಿಸಿ ಅಂತ ಕಮಿಟಿಗೆ ಇವತ್ತೇ ಬರೀತೀನಿ. ತಪ್ಪಾಗಿ ಕೈಬಿಟ್ಟವರನ್ನ ಇನ್ನೊಂದ್ ಸಲ ಕೇಳೋಕೆ ಅವಕಾಶ ಇದೆ. ನಿಮ್ಮನ್ನ ಸೇರಿಸ್ಕೋಬಹುದಿತ್ತು, ಅಮರೇಶ್."

"ಇತ್ತು ಅಂದ್ರ?"

"ಈಗ ಸುಟ್ಟ ಗಾಯ ಇದೆ. ಗಾಯದ ಉರಿ ಯಾವುದು, ನರದ ಉರಿ ಯಾವುದು ಅಂತ ಬೇರೆ ಮಾಡೋಕಾಗಲ್ಲ."

"ಸುಟ್ಟಿದ್ದು ನನಗ ತಿಳಿಯೂದೇ ಇಲ್ಲಲ್ರೀ!"

"ನನಗೆ ಗೊತ್ತು ಕಣಪ್ಪ. ಆದ್ರೆ ನಿಯಮ ಹಾಗಿದೆ. ಗಾಯ ಮಾಯೋಕೆ ಒಂದು ತಿಂಗಳು ಬೇಕು. ಹೆಸರು ತಗೊಳ್ಳೋದು ಈ ಶನಿವಾರ ಮುಗಿಯುತ್ತೆ."

ಗಾಯದ ನಿಯಮ ಅಮರೇಶನಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಸ್ಪ್ಯಾನರಿಗೆ ಟವೆಲು ಸುತ್ತಿದ್ದು ಅದಕ್ಕೇ ತಾನೇ. ಅವನು ಡಾಕ್ಟರ ಕಾಲರಿಗೆ ಕೈ ಹಾಕಲು ನೋಡಿದ. ಕೈ ಅಲ್ಲಿಯವರೆಗೆ ಮುಟ್ಟಲಿಲ್ಲ. ಮಂಚದ ಕಬ್ಬಿಣಕ್ಕೆ ಗುದ್ದಿದ, ಬೆರಳ ಗೆಣ್ಣು ಸುಲಿಯಿತು. ಅದು ನೋವಾಯಿತು.

ಹೊರಡುವ ಹೊತ್ತಿಗೆ ಸ್ಮೃತಿ ಒಂದು ಖಾಲಿ ಹಾಳೆ ಹಿಡಿದುಕೊಂಡು ಬಂದಳು. "ಉರಿ ಬಿಟ್ಟು ಇನ್ನೂ ಏನೇನು ಅಂತೀರ ನಿಮ್ಮ ಕಡೆ? ಹೇಳಿದ್ರೆ ಅದನ್ನೂ ಬರೀತೀವಿ."

"ನನ್ನ ಮಾತು ಬೇಕು. ನಾ ಬ್ಯಾಡ" ಎಂದು ಅಮರೇಶ ಉಗುಳಿದ. ಆಮೇಲೆ ಗಾಲಿಕುರ್ಚಿ ಬಾಗಿಲು ದಾಟುವಾಗ, ತಿರುಗಿ ನೋಡದೆ, ಬೈದಂತೆ ಹೇಳಿದ: "ಚಳಕು. ಜುಮುಜುಮು. ಖಾರ ಅರದು ಹಚ್ಚಿದಂಗ. ಬರ್ಕೋ."

ಸಂಜೆಯ ಆಟೋದಲ್ಲಿ ಅಮರೇಶ ಸೀಟಿನ ಮೇಲೆ ಒರಗಿದ್ದ. ಫಕೀರೇಶ ಅಂಚಿನಲ್ಲಿ ಅರ್ಧ ಕೂತು, ಮಡಿಸಿದ ಗಾಲಿಕುರ್ಚಿ ಹೊರಗೆ ಜಾರದಂತೆ ಹಿಡಿದಿದ್ದ. ಅವನ ಬೆನ್ನು ಅಮರೇಶನ ಕಡೆಗಿತ್ತು. ಮಣಿಕಟ್ಟಿಗೆ ಬ್ಯಾಂಡೇಜು ಸುತ್ತಿತ್ತು. ನಾಯಂಡಹಳ್ಳಿ ಜಂಕ್ಷನ್ನಿನಲ್ಲಿ ಆಟೋ ಗುಂಡಿಗೆ ಬಿತ್ತು. ಉರಿ ಭುಗಿಲ್ಲೆಂದಿತು. ಅಮರೇಶನ ಮುಷ್ಟಿ ಆ ಬೆನ್ನಿಗೆ ಬಿತ್ತು.

ಫಕೀರೇಶ ಮುಗ್ಗರಿಸಿ ಸುಧಾರಿಸಿಕೊಂಡ. ತಿರುಗಲಿಲ್ಲ. "ಎಷ್ಟಿದು?"

"ಏನು ಎಷ್ಟು?"

"ಉರಿ. ನಂಬರ್ ಹೇಳು."

ಅಮರೇಶ ಉಸಿರೆಳೆದ. "ಐದು."

ಮುಂದಿನ ಉಬ್ಬಿಗೆ ಇನ್ನೊಂದು ಗುದ್ದು. ಉರಿ ಎಷ್ಟು ಜೋರೋ ಅಷ್ಟೇ ಜೋರು, ಕೂದಲೆಳೆಯಷ್ಟೂ ಹೆಚ್ಚಿಲ್ಲ, ಕಡಿಮೆಯಿಲ್ಲ. ಫಕೀರೇಶನ ಗಂಟಲಿಂದ ಗಾಳಿ ಹೊರಟಿತು. ಆಟೋದವನು ಕನ್ನಡಿಯಲ್ಲಿ ನೋಡಿ, "ಏನಣ್ಣ, ಜಗಳ ಏನಾದ್ರೂ..." ಎಂದ.

"ನೀ ಮುಂದ ನೋಡಿ ಓಡಸಪ್ಪ" ಎಂದ ಫಕೀರೇಶ. ಮತ್ತೆ ಹಿಂದಕ್ಕೆ, "ಇದು ಹತ್ತಾ?"

"ಏಳು."

"ಇದು ಏಳಾ?" ಒಂದೂವರೆ ವರ್ಷ ಅಮರೇಶನ ಪಕ್ಕದಲ್ಲೇ ಮಲಗಿದ್ದರೂ ಆ ಉರಿ ಎಷ್ಟೆಂದು ಅವನಿಗೆ ತಿಳಿದದ್ದು ಈಗಲೇ. "ಹಂಗಾರ ಹತ್ತು ಹೆಂಗಿರ್ತದಲೇ?"

"ತಡಿ. ಸುಮನಹಳ್ಳಿ ಬ್ರಿಜ್ ಬರ್ಲಿ, ಅಲ್ಲಿ ದೊಡ್ಡ ಗುಂಡಿ ಅದಾವ."

ಫಕೀರೇಶ ಗಾಲಿಕುರ್ಚಿಯನ್ನು ಒಂದು ಕೈಗೆ ಬದಲಿಸಿ, ಇನ್ನೊಂದರಿಂದ ಆಟೋದ ಕಂಬಿ ಗಟ್ಟಿಯಾಗಿ ಹಿಡಿದು, ಅಮರೇಶನ ಕೈಗೆ ಸಿಗುವಷ್ಟು ಹಿಂದಕ್ಕೆ ಸರಿದು ಕೂತ. ದೂರದಲ್ಲಿ ಬ್ರಿಜ್ಜಿನ ಏರು ಕಾಣಿಸಿತು. ಅಮರೇಶ ಮುಷ್ಟಿ ಬಿಗಿದ.