ನೀಲಿ ಹಚ್ಚಿದ ಚಕ್ ಕೀ

ಹಿತ್ತಲ ಶೆಡ್ಡಿನಲ್ಲಿ ಯಾರೋ ತನಗೆ ಗೊತ್ತಿಲ್ಲದಂತೆ ಕಬ್ಬಿಣ ಕಡೆಯುವ ಲೇತ್ ಓಡಿಸುತ್ತಿದ್ದಾರೆ ಎಂಬ ಗುಮಾನಿ ಮೇಸ್ತ್ರಿಯ ತಲೆಗೆ ಹೊಕ್ಕು ಅಲ್ಲೇ ಠಿಕಾಣಿ ಹೂಡಿತ್ತು. ಸಾಕ್ಷಿ ಎಂದರೆ ಚಕ್ ಕೀ, ಲೇತಿನ ಬಾಯಿಯಾದ ಚಕ್ಕಿಗೆ ಕಬ್ಬಿಣ ಕಚ್ಚಿಸಿ ಬಿಗಿಮಾಡುವ ಕೀಲಿ. ಅವರು ಅದನ್ನು ಗೋಡೆಯ ಮೊಳೆಗೆ ನೇತುಹಾಕುವವರು. ಈಚೆಗೆ ಚಹಾ ಕುಡಿದು ಬಂದು ನೋಡಿದರೆ ಅದು ಲೇತಿನ ಕೆಳಗಿನ ತಟ್ಟೆಯಲ್ಲಿ ಬಿದ್ದಿರುತ್ತಿತ್ತು, ಅದೂ ಎಣ್ಣೆಜಿಡ್ಡಿಲ್ಲದೆ ಒರೆಸಿಕೊಂಡು. ಗುರುತು ಒರೆಸಿಟ್ಟು ಹೋಗುವವನು ಕಳ್ಳನಲ್ಲದೆ ಇನ್ಯಾರು?

ಆ ಇನ್ಯಾರನ್ನು ಹುಡುಕಿಕೊಂಡು ದೂರ ಹೋಗಬೇಕಾಗಿರಲಿಲ್ಲ. ಶೆಡ್ಡಿನ ಇನ್ನೊಂದು ಬೀಗದ ಕೈ ಪಕ್ಕದ ಮನೆಯ ತಮ್ಮನ ಹತ್ತಿರವಿತ್ತು. ಗುಜರಿಯಿಂದ ತಂದ ಲೇತನ್ನು ಅಣ್ಣ ತಮ್ಮ ಸೇರಿಯೇ ಬಿಚ್ಚಿ, ತೊಳೆದು, ಜೋಡಿಸಿದ್ದರು.

"ಲೇತ್ ಏನಾದ್ರೂ ಮುಟ್ಟಿದ್ಯೇನೋ?"

"ನನಗ್ಯಾಕಣ್ಣ? ನನ್ನ ಪಾಡಿಗೆ ಡ್ರಿಲ್ ಇದೆ," ಎಂದ ತಮ್ಮ, ತಲೆ ಎತ್ತದೆ.

ತಲೆ ಎತ್ತದ್ದೇ ಮೇಸ್ತ್ರಿಗೆ ಸಾಕಾಯಿತು. ಕೀಯನ್ನು ಚಕ್ಕಿನಲ್ಲೇ ಮರೆತು ಮೋಟಾರು ಹಾಕಿದರೆ ಅದು ಗುಂಡಿನ ಹಾಗೆ ಚಿಮ್ಮುತ್ತದೆ. ಹಾಗೆ ಮರೆತವನು ಮತ್ತೆ ಲೇತ್ ಮುಟ್ಟಕೂಡದು ಎಂಬುದು ತಾವು ಮೇಸ್ತ್ರಿಯಾಗಿದ್ದ ಕಾರ್ಖಾನೆಯಲ್ಲಿ ಅವರೇ ಮಾಡಿದ ಕಟ್ಟುನಿಟ್ಟು. ಒಬ್ಬನನ್ನು ಅದೇ ತಪ್ಪಿಗೆ ಪ್ಯಾಕಿಂಗಿಗೆ ಅಟ್ಟಿಯೂ ಇದ್ದರು. ಅರ್ಧಂಬರ್ಧ ಕಲಿತ ತಮ್ಮನ ಕೈಗೆ ಅದು ಸಿಕ್ಕರೆ ಗತಿಯೇನು? ಹೀಗೆ ಸಿಟ್ಟಿಗೆ ಕಾಳಜಿಯ ಅಂಗಿ ತೊಡಿಸಿ, ತಮ್ಮನನ್ನು ಹೊರಗಿಡಲು ಹೊಸ ಬೀಗ ತಂದಿಟ್ಟುಕೊಂಡರು. ಅದಕ್ಕೆ ಮುಂಚೆ ಕಳ್ಳನನ್ನು ಕೈಯಾರೆ ಹಿಡಿಯಬೇಕಿತ್ತು.

ಲೋಹಕ್ಕೆ ಗುರುತು ಹಾಕುವ ನೀಲಿ ಬಣ್ಣ ಬೆರಳಿಗೆ ಅಂಟಿದರೆ ಸೋಪಿಗೂ ಜಗ್ಗದು. ಆ ಬೆಳಿಗ್ಗೆ ಅದನ್ನು ಕುಂಚದಲ್ಲಿ ಕೀಯ ಹಿಡಿಗೆ ತೆಳ್ಳಗೆ ಬಳಿದು, ಮೀಸೆಯಡಿ ನಗುತ್ತಾ ಚಹಾಕ್ಕೆ ಎದ್ದುಹೋದರು. ಮಧ್ಯಾಹ್ನ ಎಂದೂ ಇಲ್ಲದ ಪ್ರೀತಿಯಿಂದ ತಮ್ಮನನ್ನು ಊಟಕ್ಕೆ ಕರೆದರು.

ತಮ್ಮನ ಬೆರಳುಗಳು ಸ್ವಚ್ಛವಾಗಿದ್ದವು. ಮೇಸ್ತ್ರಿಗೆ ನಿರಾಸೆಯೇ ಆಯಿತು. ಆಗ ಹೆಂಡತಿ ನೀರಿನ ಲೋಟ ತಂದಿಟ್ಟಳು. ಲೋಟ ಹಿಡಿದ ಬೆರಳೆಲ್ಲ ನೀಲಿ.

"ನೀನಾ? ನಿನಗ್ಯಾಕೆ ಬೇಕಿತ್ತು ಲೇತಿನ ಉಸಾಬರಿ?"

"ಲೇತ್ ಯಾರಿಗೆ ಬೇಕು. ನೀವು ಚಹಾಕ್ಕೆ ಎದ್ದಾಗ ಶೆಡ್ಡಿನಿಂದ ನೀರಿನ ಲೋಟ ತರೋಕೆ ಹೋದ್ರೆ ಕೀ ಚಕ್ಕಿನಲ್ಲೇ ಇರುತ್ತೆ. ತೆಗೆದು ಒರೆಸಿ ಇಡ್ತೀನಿ."

"ಸುಮ್ಮನೆ ಏನೇನೋ ಹೇಳಬೇಡ. ನಾನು ಅದನ್ನ ಮೊಳೆಗೆ ಹಾಕದೆ ಏಳೋನೇ ಅಲ್ಲ."

"ಹೌದಾ? ಇವತ್ತು ಬಣ್ಣ ಬಳಿದ್ರಲ್ಲ, ಆಗ ಅದು ಎಲ್ಲಿತ್ತು?"

ಮೇಸ್ತ್ರಿಗೆ ಕುಂಚ ನೆನಪಾಯಿತು, ಬಣ್ಣದ ಡಬ್ಬಿ ನೆನಪಾಯಿತು. ಬಗ್ಗಿ ಬಳಿದದ್ದು ನೆನಪಾಯಿತು. ಗೋಡೆಯ ಮೊಳೆಗೆ ಹಾಕಿದ್ದನ್ನು ಬಳಿಯಲು ಬಗ್ಗಬೇಕಾಗಿಯೇ ಇರಲಿಲ್ಲ. ಚಕ್ಕಿನಲ್ಲಿ ಸಿಕ್ಕಿಸಿದ್ದಕ್ಕೇ ಅವರು ಬಣ್ಣ ಹಚ್ಚಿದ್ದರು.

"ನಿನಗೂ ಗೊತ್ತಿತ್ತೇನೋ?"

"ಹೇಳಬೇಡ ಅಂದಿದ್ರು ಅತ್ತಿಗೆ," ಎಂದ ತಮ್ಮ, ಈಗಲೂ ತಲೆ ಎತ್ತದೆ.

"ಹೇಳಿದ್ರೆ ನಿಮ್ಮ ರೂಲ್ಸು ನಿಮಗೇ ಹಾಕ್ಕೊಂಡು ಮೂಲೆ ಸೇರ್ತಿದ್ರಿ," ಎಂದಳು ಹೆಂಡತಿ. "ನೀವು ಸುಮ್ಮನೆ ಕೂತ್ರೆ ನನ್ನ ಕೈಲಿ ನೋಡೋಕಾಗಲ್ಲ."

ಪ್ಯಾಕಿಂಗಿಗೆ ಹೋದವನ ಮುಖ ಮೇಸ್ತ್ರಿಯ ಕಣ್ಣೆದುರು ಬಂತು. ನಾಚಿಕೆಯಾಯಿತು. ಊಟ ಮುಗಿಸಿ ಶೆಡ್ಡಿಗೆ ಹೋಗಿ ತಂತಿ ಸುತ್ತಿ ಗಟ್ಟಿಯಾದ ಸ್ಪ್ರಿಂಗ್ ಮಾಡಿ ಕೀಯ ಮೂತಿಗೆ ಕೂರಿಸಿದರು. ಇನ್ನು ಕೈ ಬಿಟ್ಟರೆ ಅದು ಚಕ್ಕಿನಲ್ಲಿ ನಿಲ್ಲದು, ತಾನೇ ಹೊರಗೆ ಹಾರುತ್ತದೆ. ಹೊಸಬರ ಕೈಗೆ ಕೊಡುವಂಥ ಕೀ. ಹೊಸ ಬೀಗವನ್ನು ತಮ್ಮನ ಕೈಗಿಟ್ಟು, "ನಿಮ್ಮನೆಗೇ ಹಾಕ್ಕೋ. ನಾನು ಮೋಟಾರು ಹಾಕೋವಾಗ ಬಂದು ಒಂದು ಸಲ ನೋಡ್ತಿರು," ಎಂದರು.

ಮರುದಿನ ಕಬ್ಬಿಣ ಕಚ್ಚಿಸಿ, ಕೀಯನ್ನು ಚಕ್ಕಿನಲ್ಲೇ ಬಿಟ್ಟು, ಸ್ವಿಚ್ಚಿನತ್ತ ಕೈ ಚಾಚಿದರು. ಠಣ್ ಎಂದು ಕೀ ತಟ್ಟೆಗೆ ಬಿತ್ತು. ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು.

"ಮರೆತಿದ್ದೆ ಕಣೇ," ಎಂದು ಕೂಗಿ ಹೇಳಿದರು.

ಸ್ವಲ್ಪ ಹೊತ್ತಿಗೆ ಪಾತ್ರೆಯ ಸದ್ದು ಮತ್ತೆ ಶುರುವಾಯಿತು.