ಇಲಿಗಳ ಪಂಕ್ತಿ

ಇಲಿಮನೆಯ ಆಯಾ ಹದಿನಾಲ್ಕು ವರ್ಷದ ಸರ್ವೀಸಿನಲ್ಲಿ ಒಂದು ಕಾಳನ್ನೂ ಆಚೀಚೆ ಮಾಡಿದವಳಲ್ಲ. ಪ್ರಯೋಗಾಲಯದ ಹಿಂದಿನ ಆ ಉದ್ದನೆಯ ಕೋಣೆಯಲ್ಲಿ ಗೂಡು ತೊಳೆದು, ಮರದ ಹೊಟ್ಟು ಹಾಸಿ, ಚೀಟಿ ನೋಡಿ ಮೇವು ಅಳೆದು ಹಾಕುವುದು ಅವಳ ಕೆಲಸ. ಈ ಸಲ ಮಾತ್ರ ಕೈ ತಡೆಯುತ್ತಿತ್ತು.

ಪ್ರಯೋಗ ಅವಳ ಅಕ್ಕನ ಮಗಳದೇ. ಸೋಯಾ ಹಾಲು ಹಿಂಡಿದ ಮೇಲೆ ಕಾರ್ಖಾನೆಯವರು ಬಿಸಾಡುವ ಚರಟವನ್ನು ತಂದು, ಹುದುಗು ಬರಿಸಿ, ಒಣಗಿಸಿ ಪುಡಿ ಮಾಡಿದ್ದಳು. ಮೇಲಿನ ಸಾಲಿನ ಹನ್ನೆರಡು ಇಲಿಗಳಿಗೆ ಜಿಡ್ಡಿನ ಮೇವಿನ ಜೊತೆ ಆ ಪುಡಿ. ಕೆಳಸಾಲಿನ ಹನ್ನೆರಡಕ್ಕೆ ಬರೀ ಜಿಡ್ಡಿನ ಮೇವು. ಮೂರು ತಿಂಗಳಾದ ಮೇಲೆ ಯಾರ ತೂಕ ಎಷ್ಟು, ಯಾರ ರಕ್ತದಲ್ಲಿ ಕೊಬ್ಬೆಷ್ಟು ಎಂದು ನೋಡುವುದು. ಆ ಲೆಕ್ಕ ಸರಿಬಂದರೆ ಹುಡುಗಿಗೆ ಡಾಕ್ಟರೇಟ್.

"ಗುಡ್ಡ ಅಗೆದು ಇಲಿ ಹಿಡಿದ್ರು ಅಂತಾರೆ. ನಾನು ಇಲಿ ಹಿಡ್ಕೊಂಡು ಗುಡ್ಡ ಅಗೀತಿದೀನಿ ಚಿಕ್ಕಮ್ಮ," ಎಂದು ನಗುತ್ತಿದ್ದಳು.

ಚಿಕ್ಕಮ್ಮನಿಗೆ ನಗು ಬರುತ್ತಿರಲಿಲ್ಲ. ಒಂದೇ ಕೋಣೆ, ಒಂದೇ ಹೊತ್ತು, ಒಬ್ಬರಿಗುಂಟು ಒಬ್ಬರಿಗಿಲ್ಲ: ಇದು ಪಂಕ್ತಿಭೇದವಲ್ಲದೆ ಮತ್ತೇನು? ಅದರಲ್ಲೂ ಕೆಳಸಾಲಿನ ಏಳನೆಯವನು ಉಬ್ಬಿ ಉಬ್ಬಿ ಗುಡಾಣವಾಗಿದ್ದ. ಅವಳು ಅವನನ್ನು ಗುಡಾಣ ಎಂದೇ ಕರೆಯುತ್ತಿದ್ದಳು. ಪುಡಿಯ ಡಬ್ಬಿ ತೆರೆದರೆ ಸಾಕು, ಸರಳಿಗೆ ಮೂಗು ಒತ್ತಿ ನಿಂತುಬಿಡುವನು. ಕಲ್ಲೆದೆಯೂ ಕರಗಬೇಕು. ಕರಗಿತು.

ಮೂರು ತಿಂಗಳು ತುಂಬಿತು. ಬಾಲದಿಂದ ತೆಗೆದ ರಕ್ತದ ವರದಿ ಬಂತು. ಮೇಲಿನ ಸಾಲು ಹೆಚ್ಚು ದಪ್ಪಗಾಗಿರಲಿಲ್ಲ, ರಕ್ತದ ಕೊಬ್ಬೂ ತಗ್ಗಿತ್ತು. ಆದರೆ ಕೆಳಸಾಲಿನ ಏಳನೆಯದು ಮೇಲಿನ ಸಾಲಿನಿಂದ ಇಳಿದು ಬಂದದ್ದರ ಹಾಗಿತ್ತು: ಉಬ್ಬಿದ್ದ ಮೈ ಇಳಿದಿತ್ತು, ರಕ್ತದ ಕೊಬ್ಬೂ ತಗ್ಗಿತ್ತು. ಹುಡುಗಿ ಎರಡು ಸಲ ಪರೀಕ್ಷಿಸಿದಳು, ಅದೇ ಉತ್ತರ. ಕಾರಣ ಸಿಗದಿದ್ದರೆ ಎಲ್ಲವನ್ನೂ ಮೊದಲಿಂದ ಮಾಡು ಎಂದರು ಅವಳ ಮೇಷ್ಟ್ರು.

ತಲೆ ಮೇಲೆ ಕೈ ಹೊತ್ತು ಕೂತಿದ್ದ ಹುಡುಗಿಯ ಪಕ್ಕ ಆಯಾ ಬಂದು ನಿಂತಳು. ಸುಮ್ಮನಿದ್ದರೆ ಯಾರಿಗೂ ತಿಳಿಯದು. ಸುಮ್ಮನಿರಲು ಆಗಲಿಲ್ಲ.

"ತಪ್ಪು ನಿನ್ನದಲ್ಲಮ್ಮ. ಗುಡಾಣನಿಗೆ ನಾನೇ ಹಾಕ್ತಿದ್ದೆ."

ಹುಡುಗಿ ತಲೆ ಎತ್ತಿದಳು. "ಎಷ್ಟು?"

"ದಿನಾ ಒಂದು ಚಮಚ."

"ಅಳತೆ ಚಮಚಾನಾ?"

"ಮತ್ತೆ? ಇಷ್ಟು ವರ್ಷ ಸರ್ವೀಸು ಮಾಡಿ ಅಂದಾಜಿಗೆ ಹಾಕ್ತೀನಾ?"

"ಯಾಕೆ ಚಿಕ್ಕಮ್ಮ?"

"ಪಂಕ್ತಿಭೇದ ನೋಡೋಕಾಗ್ಲಿಲ್ಲ ಕಣೇ."

"ಹಾಗಾದ್ರೆ ಮಿಕ್ಕ ಹನ್ನೊಂದು ಏನು ಪಾಪ ಮಾಡಿದ್ವು?"

ಇದು ಆಯಾಗೆ ಹೊಳೆದೇ ಇರಲಿಲ್ಲ. ಬೆರಳು ಮಡಚಿ ಹನ್ನೊಂದನ್ನೂ ಎಣಿಸತೊಡಗಿದಳು. ಆ ಮುಖ ನೋಡಿ ಹುಡುಗಿಗೆ ನಗು ಉಕ್ಕಿತು. ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು.

ಮೇಷ್ಟ್ರು ಆಯಾಳನ್ನು ಚೆನ್ನಾಗಿ ಬೈದರು. ಆಮೇಲೆ, ಏಳನೆಯದನ್ನು ಲೆಕ್ಕದಿಂದ ಬಿಡು, ಆದರೆ ಕಾರಣ ಬರಿ ಎಂದರು. ಹುಡುಗಿ ಬರೆದಳು: 'ಆರೈಕೆಯವರು ಕನಿಕರದಿಂದ ಪುಡಿ ತಿನ್ನಿಸಿದ್ದರಿಂದ ಕೆಳಸಾಲಿನ ಏಳನೆಯ ಇಲಿಯನ್ನು ಕೈಬಿಡಲಾಗಿದೆ.' ಉಳಿದ ಇಪ್ಪತ್ತಮೂರರ ಲೆಕ್ಕ ಗಟ್ಟಿಯಾಗಿ ನಿಂತಿತು. ಇಲಿಗೆ ಆದದ್ದು ಮನುಷ್ಯರಿಗೂ ಆದೀತೇ ಎಂಬುದು ಬೇರೆ ಗುಡ್ಡ ಎಂದು ಮೇಷ್ಟ್ರು ಎಚ್ಚರಿಸಿದರು. ಅಗೆಯೋಣ ಎಂದಳು ಹುಡುಗಿ.

ಮರುದಿನ ಬೆಳಿಗ್ಗೆ ಉಳಿದ ಪುಡಿಯನ್ನು ಎಲ್ಲರಿಗೂ ಹಾಕಲು ಅಪ್ಪಣೆ ಸಿಕ್ಕಿತು. ಆಯಾ ಡಬ್ಬಿ ತೆರೆದಳು. ಇಪ್ಪತ್ತನಾಲ್ಕು ಮೂಗು ಸರಳಿಗೆ ಒತ್ತಿದವು. ಅವಳು ಕೆಳಸಾಲಿನಿಂದಲೇ ಶುರು ಮಾಡಿದಳು. ಒಬ್ಬೊಬ್ಬರಿಗೂ ಚಮಚ ತುಂಬ, ಬೆರಳಿಂದ ಸಮಮಾಡಿ. ಏಳನೆಯ ಗೂಡನ್ನು ಮಾತ್ರ ದಾಟಿ ಹೋದಳು.

"ನೀನು ಉಂಡವನು ಕಣೋ," ಎಂದಳು ಗುಡಾಣನಿಗೆ. "ಇವತ್ತು ನಿಂದು ಕಡೇ ಪಂಕ್ತಿ."